ಐದೂವರೆ ಗಂಟೆ ಓಡಾಟ ಬಿಟ್ಟು ಎಸ್‌ಡಿಎ ಆದೆ

ಆರು ವರ್ಷ ತುಮಕೂರಿನಿಂದ ಬೆಂಗಳೂರಿಗೆ ದಿನಾ ಓಡಾಡಿದ್ದೇನೆ. ಮನೆ ಕ್ಯಾತ್ಸಂದ್ರದಲ್ಲಿ, ಕೆಲಸ ಜಯನಗರದ ಒಂದು ಖಾಸಗಿ ಕಂಪನಿಯ ಅಕೌಂಟ್ಸ್‌ನಲ್ಲಿ. ಬೆಳಗ್ಗೆ ಆರೂವರೆಗೆ ಸ್ಕೂಟಿಯಲ್ಲಿ ತುಮಕೂರು ಸ್ಟೇಷನ್, ರೈಲಲ್ಲಿ ಯಶವಂತಪುರ, ಅಲ್ಲಿಂದ ಮೆಟ್ರೋ, ಆಮೇಲೆ ನಡಿಗೆ. ಒಂಬತ್ತೂಕಾಲಿಗೆ ಆಫೀಸು. ಸಂಜೆ ಇದೇ ದಾರಿ ವಾಪಸ್. ಮನೆ ಮುಟ್ಟುವಾಗ ಒಂಬತ್ತು ದಾಟಿರುತ್ತಿತ್ತು, ಮಗಳು ಅಜ್ಜಿ ಪಕ್ಕ ಮಲಗಿಬಿಟ್ಟಿರುತ್ತಿದ್ದಳು.

ಎಸ್‌ಡಿಎ, ಅಂದರೆ ಸರ್ಕಾರಿ ಕಚೇರಿಯ ದ್ವಿತೀಯ ದರ್ಜೆ ಸಹಾಯಕರ ಹುದ್ದೆಯ ಪರೀಕ್ಷೆಗೆ ಓದಿದ್ದೂ ಆ ರೈಲಿನಲ್ಲೇ. ಸೀಟು ಸಿಕ್ಕ ದಿನ ಸಾಮಾನ್ಯ ಜ್ಞಾನ, ನಿಂತು ಹೋಗುವ ದಿನ ಸಾಮಾನ್ಯ ಕನ್ನಡ, ಯಾಕಂದ್ರೆ ಸಮಾಸ, ಸಂಧಿ ಎಲ್ಲ ಚೀಟಿಯಲ್ಲಿ ಬರೆದುಕೊಂಡರೆ ಒಂದು ಕೈಯಲ್ಲಿ ಹಿಡಿದು ಓದಬಹುದು.

ಸ್ಥಳ ಆಯ್ಕೆ ಕೌನ್ಸೆಲಿಂಗ್ ದಿನ ನನ್ನ ಸರದಿ ಬರುವಷ್ಟರಲ್ಲಿ ತುಮಕೂರು ನಗರದಲ್ಲಿ ಎರಡೇ ಜಾಗ ಉಳಿದಿತ್ತು. ಬೆಂಗಳೂರಲ್ಲಿ ಬೇಕಾದಷ್ಟಿತ್ತು. ಅಲ್ಲಿ ಮನೆ ಬಾಡಿಗೆ ಭತ್ಯೆ ಜಾಸ್ತಿ, ಅದನ್ನೇ ತಗೋ ಅಂತ ಮನೆಯಲ್ಲಿ ಒಬ್ಬಿಬ್ಬರು ಹೇಳಿದ್ದರು. ನಾನು ಹಿಂದಿನ ರಾತ್ರಿಯೇ ಲೆಕ್ಕ ಹಾಕಿಟ್ಟಿದ್ದೆ. ಖಾಸಗಿ ಸಂಬಳಕ್ಕಿಂತ ಕೈಗೆ ಬರೋದು ತಿಂಗಳಿಗೆ ಸುಮಾರು 4,000 ಕಮ್ಮಿ ಆಗ್ತಿತ್ತು. ಮೂಲ ವೇತನ, ತುಟ್ಟಿಭತ್ಯೆ ಸೇರಿಸಿ ಅದರಲ್ಲಿ 10% ಎನ್‌ಪಿಎಸ್ ಪಿಂಚಣಿ ಖಾತೆಗೆ ಹೋಗುತ್ತೆ, ಅದನ್ನೂ ಕಳೆದೇ ನೋಡಿದ್ದೆ. ಆದರೆ ರೈಲು ಪಾಸು, ಮೆಟ್ರೋ, ಸ್ಟೇಷನ್ ಪಾರ್ಕಿಂಗ್, ಸಂಜೆ ಹೊಟ್ಟೆ ತಾಳದೆ ತಿನ್ನುವ ತಿಂಡಿ, ಇವೆಲ್ಲ ತೆಗೆದರೆ ವ್ಯತ್ಯಾಸ ಬಹಳ ಉಳಿಯಲಿಲ್ಲ. ದಿನಕ್ಕೆ ಐದೂವರೆ ಗಂಟೆಗೆ ಎಷ್ಟು ದುಡ್ಡು ಅಂತ ಹಾಕೋದು? ತುಮಕೂರೇ ಆರಿಸಿಕೊಂಡೆ.

ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ, ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತು ಅಂತ ಕೈಲಿರೋ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಸಿಂಧುತ್ವ ಪ್ರಮಾಣಪತ್ರ (ಮೀಸಲಾತಿಗೆ ಕೊಟ್ಟ ಜಾತಿ ಪತ್ರ ಸರಿ ಇದೆ ಅನ್ನೋದು), ಪೊಲೀಸ್ ಪರಿಶೀಲನೆ, ವೈದ್ಯಕೀಯ ಪರೀಕ್ಷೆ ಎಲ್ಲ ಮುಗಿದು ನೇಮಕಾತಿ ಆದೇಶ ಬರೋಕೆ ನನಗೆ ತಿಂಗಳುಗಳೇ ಹಿಡಿದವು. ಆದೇಶ ಬಂದ ಮೇಲೆ ಹಾಜರಾಗಲು ಇದ್ದದ್ದು 15 ದಿನ, ಕಂಪನಿಯ ನೋಟಿಸ್ ಅವಧಿ 30 ದಿನ. ಪರಿಶೀಲನೆ ಶುರುವಾದಾಗಲೇ ಮ್ಯಾನೇಜರ್‌ಗೆ ಬಾಯಿಮಾತಲ್ಲಿ ಹೇಳಿಟ್ಟಿದ್ದೆ, ಅದರಿಂದಲೇ ಬಿಡುಗಡೆ ಪತ್ರ ಹೊತ್ತಿಗೆ ಸರಿಯಾಗಿ ಸಿಕ್ಕಿತು.

ಸೇರುವ ದಿನ ಹತ್ತು ಗಂಟೆಗೆ ಮುಂಚೆ ಹೋಗಿ. ಕರ್ತವ್ಯಕ್ಕೆ ಹಾಜರಾದ ವರದಿಯಲ್ಲಿ ಪೂರ್ವಾಹ್ನವೋ ಅಪರಾಹ್ನವೋ ಅಂತ ಬರೀಬೇಕು, ಅದು ಸೇವಾ ಪುಸ್ತಕಕ್ಕೆ ಹೋಗಿ ಕೂರುತ್ತೆ. ಮೂಲ ದಾಖಲೆಗಳ ಜೊತೆ ಐದಾರು ಸೆಟ್ ಜೆರಾಕ್ಸ್, ಫೋಟೋ ಇಟ್ಟುಕೊಂಡಿದ್ದೆ, ಎಲ್ಲ ಬಳಕೆಯಾಯಿತು. ಕೆಜಿಐಡಿ ಅನ್ನೋ ಸರ್ಕಾರಿ ನೌಕರರ ವಿಮೆ, ಎನ್‌ಪಿಎಸ್‌ನ ಪ್ರಾನ್ ಅನ್ನೋ ಖಾತೆ ಸಂಖ್ಯೆ, ಸಂಬಳದ ಬಿಲ್ ಆಗುವ ಎಚ್‌ಆರ್‌ಎಂಎಸ್ ತಂತ್ರಾಂಶಕ್ಕೆ ಹೆಸರು ಸೇರೋದು, ಇವು ಒಂದಾದ ಮೇಲೆ ಒಂದು ಆಗಬೇಕು. ನನ್ನ ಮೊದಲ ಸಂಬಳ ಬಂದದ್ದು ಮೂರನೇ ತಿಂಗಳಲ್ಲಿ. ಅಲ್ಲಿವರೆಗಿನ ಖರ್ಚು ಕೂಡಿಟ್ಟುಕೊಂಡೇ ಹೋಗಿ.

ಅಕೌಂಟ್ಸ್ ಗೊತ್ತಿದೆ, ಇಲ್ಲಿ ಕಷ್ಟ ಆಗಲ್ಲ ಅಂದುಕೊಂಡಿದ್ದೆ. ಮೊದಲ ಕಡತ ಅಧೀಕ್ಷಕರ ಟೇಬಲ್‌ನಿಂದ ಹಾಗೇ ವಾಪಸ್ ಬಂತು. ಪಕ್ಕದ ಟೇಬಲ್‌ನ ಹಿರಿಯ ಮೇಡಂ ಕುರ್ಚಿ ಎಳೆದುಕೊಂಡು ಕೂತರು. "ನೋಡಮ್ಮ, ಇದು ಟಿಪ್ಪಣಿ ಭಾಗ, ಇದು ಪತ್ರ ವ್ಯವಹಾರ. ಎರಡೂ ಕಲಸಬೇಡ. ಪುಟ ಸಂಖ್ಯೆ ಹಾಕದೆ ಯಾವ ಕಾಗದವನ್ನೂ ಮೇಲಕ್ಕೆ ಕಳಿಸಬೇಡ, ನಾಳೆ ಒಂದು ಹಾಳೆ ಕಾಣೆಯಾದರೆ ಕೇಳೋದು ನಿನ್ನನ್ನೇ" ಅಂದರು. ಅವತ್ತು ಅವರ ಎದುರಿಗೇ ಕೂತು 64 ಪುಟಕ್ಕೂ ಸಂಖ್ಯೆ ಹಾಕಿದೆ. ಆಮೇಲೆ ಒಂದು ತಿಂಗಳು ಬೆಳಗ್ಗೆ ಉಳಿದ ಹೊತ್ತಲ್ಲಿ ಒಂದು ಗಂಟೆ ಮುಂಚೆ ಬಂದು ಹಳೇ ಕಡತಗಳನ್ನು ಓದುತ್ತಿದ್ದೆ. ಟಿಪ್ಪಣಿ ಬರೆಯೋದು ಕಲಿತದ್ದು ಹಾಗೆ.

ಈಗ ಮನೆಯಿಂದ ಕಚೇರಿಗೆ ಸ್ಕೂಟಿಯಲ್ಲಿ ಕಾಲು ಗಂಟೆ. ಮೊದಲ ದಿನ ಸಂಜೆ ಆರರೊಳಗೆ ಬಾಗಿಲಲ್ಲಿ ನಿಂತಾಗ ಅತ್ತೆ ಗಾಬರಿಯಾಗಿ "ಯಾಕಮ್ಮ, ಹುಷಾರಿಲ್ವಾ?" ಅಂತ ಕೇಳಿದರು. ಇನ್ನೂ ಬಿಸಿಲಿತ್ತು. ಮಗಳು ಅಂಗಳದಲ್ಲಿ ಆಡುತ್ತಿದ್ದಳು.

ಸೇರಿದ ಎರಡನೇ ತಿಂಗಳು ಪಾವಗಡದ ಕಡೆಯಿಂದ ಒಬ್ಬ ಅಜ್ಜ ಬಂದಿದ್ದರು. ಅವರ ಅರ್ಜಿಗೆ ಒಂದು ದೃಢೀಕರಣ ಪ್ರತಿ ಕಮ್ಮಿ ಇತ್ತು. "ನಾಳೆ ತನ್ನಿ" ಅಂದುಬಿಟ್ಟೆ. ಅವರು ತಲೆ ಆಡಿಸಿ, ಚೀಲದಿಂದ ಬಸ್ ಟಿಕೆಟ್ ತೆಗೆದು ವಾಪಸ್ ಹೋಗೋಕೆ ದುಡ್ಡು ಎಷ್ಟಿದೆ ಅಂತ ಎಣಿಸತೊಡಗಿದರು. ಪಾವಗಡ ಇಲ್ಲಿಂದ ಸುಮಾರು 100 ಕಿ.ಮೀ. ನಾನು ಬೆಂಗಳೂರಿಗೆ ಹೋಗುತ್ತಿದ್ದುದಕ್ಕಿಂತ ದೂರ. ಅವರನ್ನು ಕೂರಿಸಿ, ಆ ಪ್ರತಿ ಕೊಡುವ ಕಚೇರಿಗೆ ಫೋನ್ ಮಾಡಿದೆ. ಅವರು ಇಮೇಲ್‌ನಲ್ಲಿ ಕಳಿಸಿದರು. ಅರ್ಧ ಗಂಟೆಯ ಕೆಲಸ, ಅಷ್ಟೇ.

ಅವತ್ತಿನಿಂದ ಯಾರಿಗೂ ಸುಮ್ನೆ "ನಾಳೆ ಬನ್ನಿ" ಅನ್ನುವುದಿಲ್ಲ. ಯಾವ ಊರಿಂದ ಬಂದಿರಿ ಅಂತ ಮೊದಲು ಕೇಳುತ್ತೇನೆ. ಬೇಕಾದ ದಾಖಲೆಗಳನ್ನೆಲ್ಲ ಒಂದೇ ಚೀಟಿಯಲ್ಲಿ ಬರೆದು, ಕೆಳಗೆ ಕಚೇರಿ ಫೋನ್ ನಂಬರ್ ಹಾಕಿ ಕೊಡುತ್ತೇನೆ. ಮಧ್ಯಾಹ್ನ ಮೂರರ ಮೇಲೆ ದೂರದವರು ಬಂದರೆ, ಊರಿಗೆ ಕೊನೇ ಬಸ್ ಎಷ್ಟಕ್ಕೆ ಅಂತ ಕೇಳಿಕೊಂಡು ಅವರ ಕಾಗದ ಮೊದಲು ನೋಡುತ್ತೇನೆ.