ಸ್ಮಾರ್ಟ್ ಮೀಟರ್ ಹಾಕಿಸಿ ಆಯ್ತು, ಈಗ ಕಂಪನಿ ಬದಲಾಯಿಸ್ಬಹುದಾ? ಬ್ರಿಟನ್ ಕನ್ನಡಿಗರಿಗೆ ಒಂದು ಪ್ರಾಕ್ಟಿಕಲ್ ಗೈಡ್

ಊರಲ್ಲಿದ್ದಾಗ ಈ ತಲೆನೋವೇ ಇರ್ಲಿಲ್ಲ. ಬೆಂಗಳೂರಾದ್ರೆ ಬೆಸ್ಕಾಂ, ಹುಬ್ಬಳ್ಳಿಯಾದ್ರೆ ಹೆಸ್ಕಾಂ, ಮಂಗಳೂರಾದ್ರೆ ಮೆಸ್ಕಾಂ, ಬೈಕೊಂಡಾದ್ರೂ ಅವರಿಗೇ ಬಿಲ್ ಕಟ್ಟಬೇಕು. ಆದ್ರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಕರೆಂಟು, ಗ್ಯಾಸು ಎರಡನ್ನೂ ಯಾರ ಹತ್ರ ತಗೋಬೇಕು ಅನ್ನೋದು ನಮ್ಮಿಷ್ಟ, ರೆಡಿಂಗಲ್ಲೋ ಮಿಲ್ಟನ್ ಕೀನ್ಸಲ್ಲೋ ಮನೆ ಮಾಡಿರೋ ನಮ್ಮೋರಲ್ಲಿ ತುಂಬಾ ಜನ ಇದು ಗೊತ್ತಿದ್ರೂ ಮೊದಲ ದಿನ ಯಾವ ಕಂಪನಿ ಇತ್ತೋ ಅದ್ರಲ್ಲೇ ವರ್ಷಗಟ್ಟಲೆ ಉಳ್ಕೊಂಡಿರ್ತಾರೆ. ಅದ್ರ ಮೇಲೆ ರೀಡಿಂಗನ್ನ ತಾನಾಗೇ ಕಂಪನಿಗೆ ಕಳಿಸೋ ಸ್ಮಾರ್ಟ್ ಮೀಟರ್ ಬೇರೆ ಹಾಕಿಸ್ಬಿಟ್ರೆ ಮುಗೀತು, "ಅವರು ಫ್ರೀಯಾಗಿ ಮೀಟರ್ ಹಾಕಿ ಕೊಟ್ಟಿದಾರೆ, ಈಗ ಬಿಟ್ಟು ಹೋದ್ರೆ ಕಿತ್ಕೊಂಡು ಹೋಗ್ತಾರೇನೋ, ದಂಡ ಹಾಕ್ತಾರೇನೋ" ಅಂತ ಭಯ.

ಹಾಗೇನೂ ಇಲ್ಲ. ಮೀಟರ್ ಇರೋದು ಮನೆಗೆ, ನೀವು ಬದಲಾಯಿಸೋದು ಬಿಲ್ ಕಳಿಸೋರನ್ನ ಮಾತ್ರ. ಹಾಲಿನವನು ಬದಲಾದ್ರೆ ಮನೆ ಪಾತ್ರೆ ಏನೂ ಬದಲಾಗಲ್ವಲ್ಲ, ಹಾಗೇ. ರಸ್ತೇಲಿರೋ ವೈರು, ಪೈಪು ಎಲ್ಲಾ ಬೇರೆ ನೆಟ್‌ವರ್ಕ್ ಕಂಪನಿಗಳದ್ದು, ಕರೆಂಟ್ ಹೋದ್ರೆ ಫೋನ್ ಮಾಡ್ಬೇಕಾದ್ದು ಬಿಲ್ ಕಂಪನಿಗಲ್ಲ, 105ಕ್ಕೆ, ಅದು ಯಾವ ಕಂಪನಿಯ ಗ್ರಾಹಕರಾಗಿದ್ರೂ ಒಂದೇ ನಂಬರು. ಹಾಗಾಗಿ ಸ್ವಿಚ್ ಮಾಡೋ ದಿನ ಒಂದು ನಿಮಿಷಾನೂ ಕರೆಂಟ್ ಹೋಗಲ್ಲ, ಯಾರೂ ಮನೆಗೆ ಬರೋದೂ ಇಲ್ಲ.

ಮೊದಲು ನಿಮ್ಮ ಮೀಟರ್ ಯಾವ್ದು ನೋಡ್ಕೊಳ್ಳಿ

ಸ್ಮಾರ್ಟ್ ಮೀಟರ್‌ಗಳಲ್ಲಿ ಎರಡು ತಲೆಮಾರು. ಮೊದಲು ಬಂದಿದ್ದು ಸ್ಮೆಟ್ಸ್ 1, ಅದು ಹಾಕಿದ ಕಂಪನಿಯ ಸಿಸ್ಟಮ್ ಜೊತೆ ಮಾತ್ರ ಮಾತಾಡ್ತಿತ್ತು, ಕಂಪನಿ ಬದಲಾದ ಕೂಡ್ಲೆ ಮೂಕ ಆಗ್ಬಿಡ್ತಿತ್ತು. ಕರೆಂಟ್ ಅಳೆಯೋದೇನೋ ಅಳೀತಿತ್ತು, ಆದ್ರೆ ರೀಡಿಂಗ್ ತಾನಾಗೇ ಹೋಗ್ತಿರ್ಲಿಲ್ಲ, ಮತ್ತೆ ಟಾರ್ಚ್ ಹಿಡ್ಕೊಂಡು ಮೆಟ್ಟಿಲ ಕೆಳಗಿನ ಕಪಾಟಿಗೆ ತಲೆ ಹಾಕೋ ಕೆಲಸ. "ಸ್ಮಾರ್ಟ್ ಮೀಟರ್ ಹಾಕಿಸಿದ್ರೆ ಸ್ವಿಚ್ ಮಾಡೋಕಾಗಲ್ಲ" ಅನ್ನೋ ಪುಕಾರು ಹುಟ್ಟಿದ್ದೇ ಅಲ್ಲಿಂದ. ಆಮೇಲೆ ಬಂದ ಸ್ಮೆಟ್ಸ್ 2 ಹಾಗಲ್ಲ. ಕರೆಂಟ್ ಮೀಟರ್ ಮೇಲೆ ಒಂದು ಸಣ್ಣ ಡಬ್ಬ ಕೂತಿರತ್ತೆ ನೋಡಿ, ಕಮ್ಯುನಿಕೇಷನ್ಸ್ ಹಬ್ ಅಂತ, ಗ್ಯಾಸ್ ಮೀಟರ್ ಬ್ಯಾಟರಿ ಮೇಲೆ ಓಡತ್ತೆ, ಅದು ತನ್ನ ಲೆಕ್ಕಾನ ವೈರ್‌ಲೆಸ್ಸಲ್ಲಿ ಈ ಡಬ್ಬಕ್ಕೆ ಕೊಡತ್ತೆ, ಡಬ್ಬ ಎರಡೂ ಲೆಕ್ಕಾನ ಡಿಸಿಸಿ ಅನ್ನೋ ರಾಷ್ಟ್ರೀಯ ನೆಟ್‌ವರ್ಕಿಗೆ ಕಳಿಸತ್ತೆ, ಅಲ್ಲಿಂದ ನಿಮ್ಮ ಕಂಪನಿಗೆ. ಕಂಪನಿ ಬದಲಾದ್ರೆ ಡಿಸಿಸಿಯಲ್ಲಿ ಬೀಗದ ಕೈ ಹಳಬರಿಂದ ಹೊಸಬರಿಗೆ ಹೋಗತ್ತೆ, ಅಷ್ಟೇ. ಹಳೇ ಸ್ಮೆಟ್ಸ್ 1 ಮೀಟರ್‌ಗಳನ್ನೂ ಇದೇ ನೆಟ್‌ವರ್ಕಿಗೆ ಸೇರಿಸ್ತಾ ಬಂದಿದಾರೆ.

ನಿಮ್ಮದು ಯಾವ್ದು ಅಂತ ತಿಳ್ಕೊಳ್ಳೋಕೆ ಸೀರಿಯಲ್ ನಂಬರ್ ನೋಡಿ, 19ಪಿ ಅಂತ ಶುರುವಾದ್ರೆ ಸಾಮಾನ್ಯವಾಗಿ ಸ್ಮೆಟ್ಸ್ 2. ಸಿಟಿಜನ್ಸ್ ಅಡ್ವೈಸ್ ವೆಬ್‌ಸೈಟಲ್ಲಿ ಪೋಸ್ಟ್‌ಕೋಡ್ ಹಾಕಿದ್ರೆ ಮೀಟರ್ ಸ್ಮಾರ್ಟ್ ಮೋಡಲ್ಲಿ ಕೆಲಸ ಮಾಡ್ತಿದ್ಯಾ ಅಂತಾನೂ ತೋರಿಸತ್ತೆ. ಮಾಡ್ತಿಲ್ಲ ಅಂದ್ರೆ ಸ್ವಿಚ್ ಮಾಡೋಕೆ ಅಡ್ಡಿಯಿಲ್ಲ, ಆದ್ರೆ ಹೊಸಬರು ಸರಿ ಮಾಡೋವರೆಗೂ ರೀಡಿಂಗ್ ನೀವೇ ಕಳಿಸ್ಬೇಕಾಗತ್ತೆ.

ಇನ್ನೊಂದು ವಿಷಯ, ಇದನ್ನ ಯಾರೂ ಹೇಳಲ್ಲ. ಮೀಟರ್ ಹಾಕಿಸಿ ಒಂದೆರಡು ವಾರ ಅಷ್ಟೇ ಆಗಿದ್ರೆ ಸ್ವಲ್ಪ ತಡ್ಕೊಳ್ಳಿ. ಹೊಸ ಸೀರಿಯಲ್ ನಂಬರು, ಹಳೇ ಮೀಟರಿನ ಕೊನೇ ರೀಡಿಂಗು, ಹೊಸದ್ರ ಮೊದಲ ರೀಡಿಂಗು ಇವೆಲ್ಲ ಉದ್ಯಮದ ಡೇಟಾಬೇಸಲ್ಲಿ ಅಪ್‌ಡೇಟ್ ಆಗ್ಬೇಕು, ಅದಕ್ಕೆ ಮುಂಚೆ ನೀವು ಹಾರಿದ್ರೆ ಹೊಸ ಕಂಪನಿ ಕೈಗೆ ಸಿಗೋದು ಕಿತ್ತು ಬಿಸಾಕಿರೋ ಮೀಟರಿನ ವಿವರ. ಗ್ಯಾಸಲ್ಲಿ ಇದು ಇನ್ನೂ ಅಪಾಯ. ಹಳೇ ಮೀಟರ್ ಕೆಲವು ನೂರು ನೂರು ಕ್ಯೂಬಿಕ್ ಫೀಟ್ ಲೆಕ್ಕದ್ದು, ಸ್ಮಾರ್ಟ್ ಮೀಟರ್ ಕ್ಯೂಬಿಕ್ ಮೀಟರ್ ಲೆಕ್ಕದ್ದು, ರೆಕಾರ್ಡಲ್ಲಿ ಫೀಟ್ ಅಂತಾನೇ ಉಳಿದ್ರೆ ಬಿಲ್ಲು ಹೆಚ್ಚುಕಮ್ಮಿ 2.83 ಪಟ್ಟು ಬರತ್ತೆ. ಲೆಕ್ಕ ನೀವೇ ನೋಡಿ: 50 ಕ್ಯೂಬಿಕ್ ಮೀಟರ್ ಸುಟ್ಟಿದ್ರೆ ಅದನ್ನ 1.02264ರಿಂದ, ಆಮೇಲೆ ಬಿಲ್ಲಲ್ಲಿರೋ ಕ್ಯಾಲೊರಿಫಿಕ್ ವ್ಯಾಲ್ಯೂ (ಗ್ಯಾಸಿನ ಶಾಖದ ಅಳತೆ) ಇಂದ, 39.5 ಅಂತಿಟ್ಕೊಳ್ಳಿ, ಗುಣಿಸಿ 3.6ರಿಂದ ಭಾಗಿಸಿದ್ರೆ ಸುಮಾರು 561 ಯೂನಿಟ್, ಅಂದ್ರೆ ಕಿಲೋವ್ಯಾಟ್ ಅವರ್. ಬಿಲ್ಲಲ್ಲಿ ಸಾವಿರದೈನೂರು ಮೇಲೆ ಬಂದಿದ್ರೆ ಎಲ್ಲೋ ಫೀಟು ಮೀಟರು ಅದಲು ಬದಲಾಗಿದೆ ಅಂತರ್ಥ. ಹಾಗಾಗಿ ಈಗಿನ ಕಂಪನಿಯಿಂದ ಹೊಸ ಮೀಟರಿನ ಸೀರಿಯಲ್ ನಂಬರ್ ಇರೋ ಒಂದು ಸರಿಯಾದ ಬಿಲ್ ಬರೋವರೆಗೂ ಕಾದು ಆಮೇಲೆ ಹೊರಡೋದು ವಾಸಿ.

ಬಿಲ್ ಹಿಡ್ಕೊಂಡು ಕೂತ್ಕೊಳ್ಳಿ

ಬಿಲ್ಲಲ್ಲಿ ಹುಡುಕ್ಬೇಕಾದ್ದು ಟ್ಯಾರಿಫ್ (ದರದ ಪ್ಲಾನ್) ಹೆಸರು, ಅದು ಮುಗಿಯೋ ತಾರೀಖು, ಎಕ್ಸಿಟ್ ಫೀ, ವರ್ಷಕ್ಕೆ ಎಷ್ಟು ಯೂನಿಟ್ ಬಳಸಿದೀರ ಅನ್ನೋದು. ಫಿಕ್ಸ್ಡ್ ಟ್ಯಾರಿಫಲ್ಲಿದ್ರೆ ಮಧ್ಯದಲ್ಲಿ ಬಿಟ್ರೆ ಫೀ ಬೀಳ್ಬಹುದು, ಆದ್ರೆ ಮುಗಿಯೋಕೆ 49 ದಿನ ಬಾಕಿ ಇದ್ದಾಗಿಂದ ಅದನ್ನ ಹಾಕೋ ಹಾಗಿಲ್ಲ. ಮುಗಿಯೋ ತಾರೀಖೇ ಇಲ್ಲದ ವೇರಿಯಬಲ್ ಟ್ಯಾರಿಫಲ್ಲಿದ್ರೆ ಯಾವಾಗ ಬೇಕಾದ್ರೂ ಬಿಡ್ಬಹುದು. ಕರೆಂಟಿಗೆ ಎಂಪ್ಯಾನ್, ಗ್ಯಾಸಿಗೆ ಎಂಪಿಆರ್‌ಎನ್ ಅಂತ ನಿಮ್ಮ ಮನೆ ಕನೆಕ್ಷನ್ ಗುರುತಿಸೋ ನಂಬರ್ ಇರತ್ತೆ, ಅವನ್ನೂ ಬರ್ಕೊಳ್ಳಿ. ಫ್ಲಾಟಲ್ಲಿರೋರು ಇದ್ರ ಜೊತೆ ಕೆಳಗೆ ಹೋಗಿ ಮೀಟರ್ ಮೇಲಿರೋ ಸೀರಿಯಲ್ ನಂಬರೂ ಬಿಲ್ಲಲ್ಲಿರೋದೂ ಒಂದೇನಾ ಅಂತ ಕಣ್ಣಾರೆ ನೋಡಿ, ಹತ್ತಾರು ಮೀಟರ್ ಸಾಲಾಗಿ ಇರೋ ರೂಮಲ್ಲಿ ಪಕ್ಕದ ಮನೆ ಮೀಟರ್ ನಿಮ್ಮ ಹೆಸರಲ್ಲಿ ಇರೋದು ಏನೂ ಅಪರೂಪ ಅಲ್ಲ, ಆ ನಂಬರಲ್ಲೇ ಸ್ವಿಚ್ ಮಾಡಿದ್ರೆ ಪಕ್ಕದ ಮನೆಯೋರ ಕಂಪನಿ ಬದಲಾಗಿರತ್ತೆ.

ಹೋಲಿಸಿ ನೋಡೋವಾಗ ತಿಂಗಳಿಗೆ ಇಷ್ಟು ಪೌಂಡ್ ಕಟ್ತಿದೀನಿ ಅಂತ ಹಾಕ್ಬೇಡಿ, ಯೂನಿಟ್ ಹಾಕಿ. ಇಲ್ಲಿನ ಕರೆಂಟು, ಗ್ಯಾಸು ಮಾರ್ಕೆಟ್ಟಿನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಮಾನ್ಯತೆ ಕೊಟ್ಟಿರೋ ಹೋಲಿಕೆ ಸೈಟುಗಳಿವೆ, ಅವು ಸಾಕು. ಇಲ್ಲಿ ಎಲ್ರೂ ಎಡವೋದು ಪ್ರೈಸ್ ಕ್ಯಾಪ್, ಅಂದ್ರೆ ಆಫ್‌ಜೆಮ್ ಹಾಕೋ ದರದ ಮಿತಿ, ಅದ್ರ ವಿಷಯದಲ್ಲಿ. 2019ರ ಜನವರಿಯಿಂದ ಇರೋ ಈ ಕ್ಯಾಪು, 2022ರ ಅಕ್ಟೋಬರ್ ನಂತರ ಮೂರು ತಿಂಗಳಿಗೊಮ್ಮೆ ಬದಲಾಗತ್ತೆ, ಆದ್ರೆ ಅದು ನಿಮ್ಮ ಒಟ್ಟು ಬಿಲ್ಲಿಗೆ ಮಿತಿ ಅಲ್ಲ, ಯೂನಿಟ್ ದರಕ್ಕೂ, ಬಳಸದಿದ್ರೂ ದಿನಾ ಬೀಳೋ ಸ್ಟ್ಯಾಂಡಿಂಗ್ ಚಾರ್ಜಿಗೂ ಮಾತ್ರ ಮಿತಿ. ನ್ಯೂಸಲ್ಲಿ ಬರೋ ವರ್ಷದ ಮೊತ್ತ ಒಂದು ಸರಾಸರಿ ಮನೆಯದ್ದು, 2023ರ ಅಕ್ಟೋಬರಲ್ಲಿ ಆಫ್‌ಜೆಮ್ ಅದನ್ನ 2,700 ಯೂನಿಟ್ ಕರೆಂಟು, 11,500 ಯೂನಿಟ್ ಗ್ಯಾಸು ಅಂತ ಹಿಡೀತು. ಚಳಿಗಾಲದಲ್ಲಿ ಊರಿಂದ ಅಪ್ಪ ಅಮ್ಮ ಬಂದು ಮನೆ ಇಡೀ ದಿನ ಬೆಚ್ಚಗಿರಬೇಕಾದ ಮನೆಗೆ ಆ ಸರಾಸರಿ ಏನೂ ಸಂಬಂಧ ಇಲ್ಲ.

ಸ್ಟ್ಯಾಂಡಿಂಗ್ ಚಾರ್ಜ್ ಕಡೆ ಒಂದು ಕಣ್ಣಿರ್ಲಿ. ಕಮ್ಮಿ ಬಳಸೋರಿಗೆ ಯೂನಿಟ್ ದರಕ್ಕಿಂತ ಅದೇ ಜಾಸ್ತಿ ಚುಚ್ಚತ್ತೆ, ಆಗಸ್ಟಲ್ಲಿ ಆರು ವಾರ ಊರಿಗೆ ಹೋಗಿ ಮನೆಗೆ ಬೀಗ ಹಾಕಿದ್ರೂ ಅದು ದಿನಾ ಓಡ್ತಾನೇ ಇರತ್ತೆ. ಪ್ರದೇಶದಿಂದ ಪ್ರದೇಶಕ್ಕೂ ಬೇರೆ ಬೇರೆ, ಹಾಗಾಗಿ ಲಂಡನ್ನಿನ ಫ್ರೆಂಡ್ ಹೇಳಿದ ರೇಟು ಮ್ಯಾಂಚೆಸ್ಟರಲ್ಲಿ ಸಿಗ್ಬೇಕು ಅಂತಿಲ್ಲ.

ಇನ್ನು ಸ್ಮಾರ್ಟ್ ಮೀಟರ್ ಇರೋದ್ರಿಂದ ನಿಮಗೆ ಬಾಗಿಲು ತೆಗೆಯೋದು ಟೈಮ್ ಪ್ರಕಾರ ದರ ಬದಲಾಗೋ ಟ್ಯಾರಿಫ್‌ಗಳು, ಇವುಗಳಲ್ಲಿ ಹೆಚ್ಚಿನವು ಮಾಮೂಲಿ ಮೀಟರ್ ಇರೋರಿಗೆ ಸಿಗಲ್ಲ. ಎಲೆಕ್ಟ್ರಿಕ್ ಕಾರ್ ಇದ್ದು ರಾತ್ರಿ ಚಾರ್ಜ್ ಹಾಕೋರಿಗೆ ರಾತ್ರಿ ಅಗ್ಗದ ಟ್ಯಾರಿಫ್ ಕಣ್ಮುಚ್ಕೊಂಡು ತಗೋಬಹುದು ಅನ್ನಿಸತ್ತೆ. ಆದ್ರೆ ಆಕ್ಟೋಪಸ್ ಅನ್ನೋ ಕಂಪನಿಯ ಅಜೈಲ್ ಟ್ಯಾರಿಫ್ ತರದವು, ಅರ್ಧ ಗಂಟೆಗೊಂದು ದರ, ಸಂಜೆ 4ರಿಂದ 7ರವರೆಗೆ ದುಬಾರಿ, ಅದು ಎಲ್ರಿಗೂ ಒಗ್ಗಲ್ಲ. ನಮ್ಮ ಮನೆಗಳಲ್ಲಿ ಮಕ್ಕಳು ಸ್ಕೂಲಿಂದ ಬರೋದು, ಇಂಡಕ್ಷನ್ ಮೇಲೆ ಕುಕ್ಕರ್ ಕೂಗೋದು, ಓವನ್ನು, ಡಿಶ್‌ವಾಷರ್ರು ಎಲ್ಲಾ ಅದೇ ಮೂರು ಗಂಟೆಯಲ್ಲಿ. ಅಡುಗೆ ಗ್ಯಾಸಲ್ಲಾದ್ರೆ ಮಾತು ಬೇರೆ, ಮನೇಲಿ ಬ್ಯಾಟರಿ ಇದ್ರೂ ಬೇರೆ. ಸುಮ್ನೆ ಟ್ರೆಂಡು ಅಂತ ಹೋಗ್ಬೇಡಿ.

ಅರ್ಜಿ ಹಾಕೋದು

ಹೊಸ ಕಂಪನಿ ಸೈಟಲ್ಲಿ ಹತ್ತು ನಿಮಿಷದ ಕೆಲಸ. ಹೆಸರು, ವಿಳಾಸ, ಬ್ಯಾಂಕ್ ಡೈರೆಕ್ಟ್ ಡೆಬಿಟ್. ಸ್ಮಾರ್ಟ್ ಮೀಟರ್ ಇದ್ಯಾ ಅಂತ ಕೇಳಿದ್ರೆ ಹೌದು ಅನ್ನಿ, ರೀಡಿಂಗ್ ಎಷ್ಟು ಸಲ ತಗೋಬಹುದು ಅಂತ ಕೇಳ್ತಾರೆ, ತಿಂಗಳಿಗೊಮ್ಮೆ, ದಿನಕ್ಕೊಮ್ಮೆ, ಅರ್ಧ ಗಂಟೆಗೊಮ್ಮೆ. ಟೈಮ್ ಪ್ರಕಾರದ ಟ್ಯಾರಿಫ್ ಬೇಕಾದ್ರೆ ಅರ್ಧ ಗಂಟೆಗೇ ಒಪ್ಪಬೇಕು. ನಾವು ಯಾವಾಗ ಏಳ್ತೀವಿ, ಯಾವಾಗ ಮನೆ ಖಾಲಿ ಅನ್ನೋದು ಆ ಡೇಟಾದಲ್ಲಿ ಗೊತ್ತಾಗತ್ತೆ ಅಂತ ಇರಿಸುಮುರಿಸು ಆಗೋರು ತಿಂಗಳಿಗೊಮ್ಮೆ ಅಂತ ಇಟ್ಕೊಳ್ಳಿ, ತಪ್ಪೇನಿಲ್ಲ.

ಹಳೇ ಕಂಪನಿಗೆ ನೀವು ಫೋನ್ ಮಾಡೋದು ಬೇಡ, ಹೊಸಬರೇ ನೋಡ್ಕೊತಾರೆ. ಮತ್ತೆ ದಯವಿಟ್ಟು ಹಳೇ ಡೈರೆಕ್ಟ್ ಡೆಬಿಟ್‌ನ ಆಗಲೇ ಕ್ಯಾನ್ಸಲ್ ಮಾಡ್ಬೇಡಿ, ಕೊನೇ ಬಿಲ್ ಸೆಟಲ್ ಆಗೋವರೆಗೂ ಇರ್ಲಿ. ಮನಸ್ಸು ಬದಲಾದ್ರೆ 14 ದಿನ ಕೂಲಿಂಗ್ ಆಫ್ ಇದೆ. 2022ರ ಜುಲೈಯಿಂದ ಸ್ವಿಚ್ 5 ವರ್ಕಿಂಗ್ ಡೇಸ್ ಒಳಗೆ ಆಗತ್ತೆ, ಮುಂಚೆ ಇದೇ ಕೆಲಸಕ್ಕೆ ಎರಡು ಮೂರು ವಾರ ಎಳೀತಿದ್ರು.

ಸ್ವಿಚ್ ದಿನ: ಫೋಟೋ, ಫೋಟೋ, ಫೋಟೋ

ಇಡೀ ಪ್ರೋಸೆಸಲ್ಲಿ ನೀವು ನಿಜವಾಗ್ಲೂ ಮಾಡ್ಬೇಕಾದ ಕೆಲಸ ಇದೊಂದೇ. "ಸ್ಮಾರ್ಟ್ ಅಲ್ವಾ, ತಾನೇ ಕಳಿಸತ್ತೆ" ಅಂತ ಕೂತ್ಕೋಬೇಡಿ. ಹಳೇ ಕಂಪನಿಯ ಕೊನೇ ಬಿಲ್ಲು, ಹೊಸ ಕಂಪನಿಯ ಮೊದಲ ಬಿಲ್ಲು ಎರಡೂ ಒಂದೇ ರೀಡಿಂಗ್ ಮೇಲೆ ನಿಲ್ಬೇಕು, ಅದು ಅಂದಾಜಿನ ಮೇಲೆ ನಿಂತ್ರೆ ಒಂದಷ್ಟು ಯೂನಿಟ್ಟಿಗೆ ಎರಡು ಕಡೆ ಕಟ್ತೀರ.

ಕಿಚನಲ್ಲಿ ಇಟ್ಟಿರೋ, ಸ್ಮಾರ್ಟ್ ಮೀಟರ್ ಜೊತೆ ಕೊಡೋ ಸಣ್ಣ ಸ್ಕ್ರೀನ್ ನಂಬ್ಕೊಂಡು ಫೋಟೋ ತೆಗೀಬೇಡಿ, ಮೀಟರಿಗೇ ಹೋಗಿ. ಸುಮಾರು ಗ್ಯಾಸ್ ಮೀಟರ್‌ಗಳ ಸ್ಕ್ರೀನ್ ಬ್ಯಾಟರಿ ಉಳಿಸೋಕೆ ಮಲಗಿರತ್ತೆ, ಒಂದು ಬಟನ್ ಒತ್ತಿದ್ರೆ ಏಳತ್ತೆ, ಆಮೇಲೆ ಒಂದೊಂದೇ ಸ್ಕ್ರೀನ್ ಸರಿಸ್ತಾ ಕ್ಯೂಬಿಕ್ ಮೀಟರ್ ಅಂತ ಇರೋ ಅಂಕಿ ಬಂದಾಗ ಕ್ಲಿಕ್ ಮಾಡಿ, ಪಾಯಿಂಟ್ ಆದ್ಮೇಲಿನ ಅಂಕಿಗಳು ಬೇಡ. ಒಂದೇ ಫೋಟೋದಲ್ಲಿ ಸೀರಿಯಲ್ ನಂಬರೂ ಬಂದ್ರೆ ಒಳ್ಳೇದು, ನಾಳೆ ಜಗಳ ಬಂದ್ರೆ ಫೋಟೋದಲ್ಲಿರೋ ತಾರೀಖೇ ಸಾಕ್ಷಿ. ಇಕಾನಮಿ 7 ತರ ಹಗಲು ರಾತ್ರಿ ಎರಡು ದರ ಇದ್ರೆ ಎರಡು ರೀಡಿಂಗ್ ಇರತ್ತೆ, ಎರಡನ್ನೂ ತೆಗೀರಿ, ಯಾವ್ದು ಹಗಲಿಂದು ಯಾವ್ದು ರಾತ್ರಿದು ಅಂತ ಹೊಸ ಕಂಪನಿಗೆ ಬರೆದು ಹೇಳಿ, ಅದು ತಿರುಗಾಮುರುಗಾ ಆದ್ರೆ ತಿಂಗಳುಗಟ್ಟಲೆ ಅಗ್ಗದ ಕರೆಂಟಿಗೆ ದುಬಾರಿ ರೇಟ್ ಬೀಳತ್ತೆ.

ಆಮೇಲೆ

ಕಿಚನ್ ಸ್ಕ್ರೀನ್ ಮಾತಾಡೋದು ಮೀಟರ್ ಜೊತೆ, ಕಂಪನಿ ಜೊತೆ ಅಲ್ಲ, ಹಾಗಾಗಿ ಸ್ವಿಚ್ ಆದ್ಮೇಲೂ ಸಾಮಾನ್ಯವಾಗಿ ಯೂನಿಟ್ ತೋರಿಸ್ತಾ ಇರತ್ತೆ. ಆದ್ರೆ ಹೊಸ ಕಂಪನಿ ತನ್ನ ದರಾನ ಮೀಟರಿಗೆ ಕಳಿಸೋವರೆಗೂ ಪೌಂಡ್ ಲೆಕ್ಕ ಹಳೇದೇ, ಆ ಅಂಕಿ ನೋಡಿ ಬಿಲ್ ಜೊತೆ ಜಗಳಕ್ಕೆ ಇಳೀಬೇಡಿ. ನನ್ನ ಕೇಳಿದ್ರೆ ಆ ಸ್ಕ್ರೀನ್ ಕೆಟ್ಟು ಹೋದ್ರೂ ತಲೆ ಕೆಡಿಸ್ಕೋಬೇಕಾಗಿಲ್ಲ, ಕಂಪನಿ ಆ್ಯಪಲ್ಲೇ ಎಲ್ಲಾ ಕಾಣತ್ತೆ.

ಹಳೇ ಕಂಪನಿ 6 ವಾರದೊಳಗೆ ಕೊನೇ ಬಿಲ್ ಕೊಡ್ಬೇಕು, ನಿಮ್ಮ ದುಡ್ಡು ಉಳಿದಿದ್ರೆ ಆ ಬಿಲ್ ಆಗಿ 10 ವರ್ಕಿಂಗ್ ಡೇಸಲ್ಲಿ ವಾಪಸ್ ಹಾಕ್ಬೇಕು, ತಪ್ಪಿದ್ರೆ ಪರಿಹಾರ ಕೊಡ್ಬೇಕು ಅಂತ ರೂಲ್ ಇದೆ. ಚಳಿಗಾಲಕ್ಕೆ ಅಂತ ಬೇಸಿಗೇಲಿ ಜಾಸ್ತಿ ಕಟ್ಟಿ ಕ್ರೆಡಿಟ್ ಕೂಡಿರೋರು ಇದನ್ನ ಮರೀಬೇಡಿ.

ಕೆಲವರದ್ದು ಸ್ವಲ್ಪ ಬೇರೆ ಕಥೆ. ಬಾಡಿಗೆ ಮನೇಲಿದ್ದು ಬಿಲ್ ನಿಮ್ಮ ಹೆಸರಲ್ಲಿದ್ರೆ ಕಂಪನಿ ಆರಿಸೋ ಹಕ್ಕು ನಿಮ್ಮದೇ, ಮನೆ ಓನರ್ ಕಟ್ತಾ ಇದ್ರೆ ಅವರದ್ದು. ಪ್ರೀಪೇಮೆಂಟ್ ಮೀಟರಲ್ಲಿ ಸಾಲ ಇದ್ರೂ ಕರೆಂಟು, ಗ್ಯಾಸು ಒಂದೊಂದಕ್ಕೂ 500 ಪೌಂಡ್ ದಾಟದಿದ್ರೆ ಸಾಲದ ಸಮೇತ ಹೊಸ ಕಂಪನಿಗೆ ಹೋಗ್ಬಹುದು. ಮನೆ ಮೇಲೆ ಸೋಲಾರ್ ಇದ್ದು 2020ರಲ್ಲಿ ಶುರುವಾದ ಸ್ಮಾರ್ಟ್ ಎಕ್ಸ್‌ಪೋರ್ಟ್ ಗ್ಯಾರಂಟಿಯಲ್ಲಿ ಕರೆಂಟ್ ಮಾರ್ತಾ ಇದ್ರೆ ಗಮನಿಸಿ, ಎಕ್ಸ್‌ಪೋರ್ಟಿಗೆ ಬೇರೆಯೇ ಎಂಪ್ಯಾನ್ ಇರತ್ತೆ, ಕೊಳ್ಳೋ ಕಂಪನಿ ಬದಲಾಯಿಸಿದ್ರೆ ಮಾರೋದು ತಾನಾಗೇ ಜೊತೆಗೆ ಹೋಗಲ್ಲ. ಕೊಳ್ಳೋದು ಒಬ್ಬರ ಹತ್ರ, ಮಾರೋದು ಇನ್ನೊಬ್ಬರಿಗೆ ಅಂತಾನೂ ಇಟ್ಕೋಬಹುದು, ಆದ್ರೆ ಕೆಲವು ಒಳ್ಳೇ ಎಕ್ಸ್‌ಪೋರ್ಟ್ ದರ ಅವರದೇ ಗ್ರಾಹಕರಿಗೆ ಮಾತ್ರ, ಲೆಕ್ಕ ಎರಡೂ ಕಡೆ ಹಾಕಿ. ವಾರ್ಮ್ ಹೋಮ್ ಡಿಸ್ಕೌಂಟ್ (ಕಮ್ಮಿ ಆದಾಯದವರ ಬಿಲ್ಲಿಗೆ ಸಿಗೋ ರಿಯಾಯಿತಿ) ಬರ್ತಿರೋರು ಹೊಸ ಕಂಪನಿ ಆ ಸ್ಕೀಮಲ್ಲಿದ್ಯಾ ಅಂತ ಮೊದಲೇ ಕೇಳಿ. ಬೆಲ್‌ಫಾಸ್ಟ್ ಕಡೆ ಇರೋರಿಗೆ ಈ ಲೇಖನ ಅನ್ವಯ ಆಗಲ್ಲ, ಉತ್ತರ ಐರ್ಲೆಂಡಿನ ಮಾರ್ಕೆಟ್ಟೇ ಬೇರೆ, ಆಫ್‌ಜೆಮ್ ಅಲ್ಲಿಗೆ ಬರಲ್ಲ.

ಏನಾದ್ರೂ ಎಡವಟ್ಟಾದ್ರೆ ಮೊದಲು ಕಂಪನಿಗೆ ಕಂಪ್ಲೇಂಟ್ ಅಂತಾನೇ ಬರೆದು ಕೊಡಿ, ಚಾಟಲ್ಲಿ ಗೊಣಗಿದ್ರೆ ಅದು ಲೆಕ್ಕಕ್ಕೆ ಬರದೇ ಹೋಗ್ಬಹುದು. 8 ವಾರ ಆದ್ರೂ ಬಗೆಹರೀಲಿಲ್ಲ ಅಂದ್ರೆ, ಅಥವಾ ಅದಕ್ಕೂ ಮುಂಚೆ "ನಮ್ಮ ಕೈಲಿ ಇನ್ನೇನೂ ಆಗಲ್ಲ" ಅಂತ ಡೆಡ್‌ಲಾಕ್ ಲೆಟರ್ ಕೊಟ್ರೆ, ಎನರ್ಜಿ ಓಂಬುಡ್ಸ್‌ಮನ್ ಹತ್ರ ಹೋಗಿ. ದುಡ್ಡು ಕೊಡ್ಬೇಕಾಗಿಲ್ಲ, ಅವರ ತೀರ್ಪನ್ನ ನೀವು ಒಪ್ಕೊಂಡ್ರೆ ಕಂಪನಿ ಪಾಲಿಸಲೇಬೇಕು. ಆ ಸ್ವಿಚ್ ದಿನದ ಫೋಟೋಗಳನ್ನ ಅಟ್ಯಾಚ್ ಮಾಡಿ ಕಳಿಸಿ.