ಕಡಲಿಗೆ ತೆರೆದ ಜಗಲಿ: ಕ್ರೂಸ್ ಹಡಗಿನಲ್ಲಿ ಬಾಲ್ಕನಿ ಕೋಣೆ ಆರಿಸುವುದು ಹೇಗೆ?

ಮೊದಲ ಸಲ ಕ್ರೂಸ್ ಹಡಗು ಹತ್ತಿದಾಗ ನಾನೂ ನನ್ನ ಹೆಂಡತಿಯೂ ಬಾಲ್ಕನಿಗೆಂದೇ ಹೆಚ್ಚು ಹಣ ಕೊಟ್ಟಿದ್ದೆವು. ಕೋಣೆಗೆ ಕಾಲಿಟ್ಟವಳೇ ಅವಳು ಪರದೆ ಸರಿಸಿದಳು. ಎದುರಿಗೆ ಕಡಲಿರಲಿಲ್ಲ. ಜೀವರಕ್ಷಕ ದೋಣಿಯ ಕಿತ್ತಳೆ ಬಣ್ಣದ ಮಾಡು ಇತ್ತು. ಅದರ ಮೇಲೆ ಉಪ್ಪುನೀರು ಒಣಗಿ ಮೂಡಿದ ಬಿಳಿ ಗೆರೆಗಳು, ದೋಣಿಯನ್ನು ತೂಗಿ ಹಿಡಿದ ಉಕ್ಕಿನ ತೋಳು, ಆ ತೋಳಿನ ಸಂದಿಯಲ್ಲಿ ಅಂಗೈ ಅಗಲದ ನೀಲಿ. ಕಾರವಾರದ ನಮ್ಮ ತಾರಸಿಯಿಂದ ಪುಕ್ಕಟೆಯಾಗಿ ಕಾಣುವ ಕಡಲು ಅಷ್ಟು ದುಡ್ಡು ತೆತ್ತ ಮೇಲೂ ಕಾಣಲಿಲ್ಲ. ಟಿಕೆಟ್ ಮಾಡಿಸುವಾಗ ಬಾಲ್ಕನಿ ಇದೆಯೇ ಎಂದು ಕೇಳಿದ್ದೆವು, ಅದು ಹಡಗಿನಲ್ಲಿ ಎಲ್ಲಿದೆ ಎಂದು ಕೇಳಿರಲಿಲ್ಲ.

ನಮ್ಮ ಕಡೆ ಮನೆ ಕಟ್ಟಿಸುವವರು ಜಗಲಿ ಎತ್ತ ಮುಖ ಮಾಡಬೇಕು, ಮಳೆಯ ಇರಚಲು ಯಾವ ದಿಕ್ಕಿನಿಂದ ಹೊಡೆಯುತ್ತದೆ, ಇಳಿಬಿಸಿಲು ಎಲ್ಲಿ ಬೀಳುತ್ತದೆ ಎಂದು ಹತ್ತು ಸಲ ಲೆಕ್ಕ ಹಾಕುತ್ತಾರೆ. ಹಡಗಿನ ಬಾಲ್ಕನಿಗೂ ಅದೇ ಲೆಕ್ಕ ಬೇಕು. ಒಂದೇ ದರ್ಜೆಯ, ಒಂದೇ ದರದ ಎರಡು ಬಾಲ್ಕನಿಗಳಲ್ಲಿ ಒಂದು ಸೊಗಸಾಗಿದ್ದು ಇನ್ನೊಂದು ಕೆಲಸಕ್ಕೆ ಬಾರದಂತೆ ಇರಬಹುದು. ಆದ್ದರಿಂದ ದರ್ಜೆಯ ಹೆಸರು ನೋಡಿ ಹಣ ಕಟ್ಟಬೇಡಿ, ಕೋಣೆಯ ಸಂಖ್ಯೆ ನೋಡಿ ಕಟ್ಟಿ.

ಮೊದಲು ದಾರಿ, ಆಮೇಲೆ ಕೋಣೆ

ಕಾರವಾರದ ಬೈತಖೋಲದಿಂದ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೋಗುವ ನಿಯಮಿತ ಕ್ರೂಸ್ ಇಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಕರಾವಳಿಯ ಸ್ಟೀಮರ್‌ಗಳಿದ್ದವು, ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಮುಂಬೈಗೆ ಹೋಗುತ್ತಿದ್ದರು. ಈಗ ನಮಗೆ ಹತ್ತಿರದ ಕ್ರೂಸ್ ಬಂದರು ಗೋವಾದ ಮುರಗಾಂವ್, ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್. ಆದರೆ ಹೆಚ್ಚಿನ ಪ್ರಯಾಣಗಳು ಮುಂಬೈಯಿಂದಲೇ ಹೊರಡುತ್ತವೆ. ಕೊಂಕಣ ರೈಲಿನಲ್ಲಿ ರಾತ್ರಿ ಕಳೆದು ಅಲ್ಲಿಗೆ ತಲುಪುವವರು ಹಡಗು ಹೊರಡುವ ದಿನವೇ ಇಳಿಯುವಂತೆ ಟಿಕೆಟ್ ಮಾಡಿಸದೆ ಒಂದು ದಿನ ಮುಂಚೆ ತಲುಪುವುದು ಒಳ್ಳೆಯದು. ತಡವಾದ ರೈಲಿಗೆ ಹಡಗು ಕಾಯುವುದಿಲ್ಲ.

ಪ್ರಯಾಣದ ವೇಳಾಪಟ್ಟಿಯನ್ನು ಗಂಟೆಗಂಟೆಯ ಲೆಕ್ಕದಲ್ಲಿ ಓದಿ. ಹಡಗು ಸಂಜೆ ಹೊರಟು ರಾತ್ರಿಯಿಡೀ ಸಾಗಿ ಬೆಳಿಗ್ಗೆ ಬಂದರಿನಲ್ಲಿ ನಿಂತರೆ, ಹಗಲಿಡೀ ನೀವು ಊರು ಸುತ್ತುತ್ತಿರುತ್ತೀರಿ, ಬಾಲ್ಕನಿ ಖಾಲಿ ಬಿದ್ದಿರುತ್ತದೆ. ಅಂತಹ ಎರಡು ರಾತ್ರಿಯ ಪ್ರಯಾಣಕ್ಕೆ ಕಿಟಕಿಯ ಕೋಣೆ ಸಾಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಲಕ್ಷದ್ವೀಪದ ಕಡೆಗಿನ ಪ್ರಯಾಣಗಳಂತೆ ಹಗಲಿನ ಹೆಚ್ಚು ಹೊತ್ತು ನಡುಗಡಲಿನಲ್ಲೇ ಕಳೆಯುವಂತಿದ್ದರೆ ಬಾಲ್ಕನಿಗೆ ಕೊಟ್ಟ ಹಣ ಸಾರ್ಥಕ. ಕಾಲವನ್ನೂ ನೋಡಿ. ಮಳೆಗಾಲದ ಪಶ್ಚಿಮ ಸಮುದ್ರ ಹೇಗಿರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಕಡಲು ಶಾಂತ, ಗಾಳಿ ಹಿತ, ಕುರ್ಚಿ ಹಾಕಿ ಕೂರಲು ಅದೇ ಒಳ್ಳೆಯ ಕಾಲ.

ಹಡಗಿನ ವಯಸ್ಸೂ ಮುಖ್ಯ. ಬಾಲ್ಕನಿಗಳು ಕ್ರೂಸ್ ಹಡಗುಗಳಲ್ಲಿ ಸಾಮಾನ್ಯವಾದದ್ದು 1990ರ ದಶಕದಿಂದೀಚೆಗೆ. 2021ರಿಂದ ಮುಂಬೈಯಿಂದ ಓಡಾಡತೊಡಗಿದ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 1990ರಲ್ಲಿ ಫ್ರಾನ್ಸ್‌ನಲ್ಲಿ ಕಟ್ಟಿದ್ದು, ಹಾಗಾಗಿ ಅದರಲ್ಲಿ ಒಳಕೋಣೆ ಮತ್ತು ಕಿಟಕಿ ಕೋಣೆಗಳೇ ಹೆಚ್ಚು, ಬಾಲ್ಕನಿ ಇರುವವು ಕಡಿಮೆ. ಇಂತಹ ಹಡಗಿನಲ್ಲಿ ಬಾಲ್ಕನಿ ಬೇಕೆಂದರೆ ತಿಂಗಳುಗಳ ಮುಂಚೆಯೇ ಕಾಯ್ದಿರಿಸಬೇಕು. ಸಿಂಗಾಪುರದಿಂದಲೋ ದುಬೈಯಿಂದಲೋ ಹೊರಡುವ ಹೊಸ, ದೊಡ್ಡ ಹಡಗುಗಳಲ್ಲಿ ಬಾಲ್ಕನಿಗಳು ನೂರಾರು. ಅಲ್ಲಿ ಕಷ್ಟವಿರುವುದು ಆಯ್ಕೆಯಲ್ಲಿ.

ಎಡವೋ ಬಲವೋ?

ನನಗೆ ಎಲ್ಲಕ್ಕಿಂತ ಇಷ್ಟವಾದ ಲೆಕ್ಕ ಇದು, ಕರಾವಳಿಯವರಿಗೆ ಸುಲಭವೂ ಹೌದು. ಮುಂಬೈಯಿಂದ ದಕ್ಷಿಣಕ್ಕೆ ಹೊರಟ ಹಡಗಿನಲ್ಲಿ ಮುಂದಕ್ಕೆ ಮುಖ ಮಾಡಿ ನಿಂತರೆ ದಡ ಎಡಗಡೆ, ತೆರೆದ ಅರಬ್ಬೀ ಸಮುದ್ರ ಬಲಗಡೆ. ಸೂರ್ಯೋದಯ ಎಡಮಗ್ಗುಲಿಗೆ, ಸೂರ್ಯಾಸ್ತ ಬಲಮಗ್ಗುಲಿಗೆ. ಮರಳಿ ಉತ್ತರಕ್ಕೆ ಹೊರಟಾಗ ಇದು ತಿರುವುಮುರುವು. ಹೋಗಿಬರುವ ಪ್ರಯಾಣವಾದರೆ ಎರಡೂ ಒಂದೊಂದು ಸಲ ಸಿಗುತ್ತವೆ. ಒಂದೇ ದಿಕ್ಕಿನದಾದರೆ ನೀವೇ ನಿರ್ಧರಿಸಬೇಕು.

ನಾನಾದರೆ ದಕ್ಷಿಣಕ್ಕೆ ಹೋಗುವಾಗ ಎಡಮಗ್ಗುಲನ್ನೇ ಆರಿಸುತ್ತೇನೆ. ಮುಳುಗುವ ಸೂರ್ಯನನ್ನು ಟಾಗೋರ್ ಕಡಲತೀರದಲ್ಲಿ ದಿನಾ ನೋಡಿದವರು ನಾವು. ನಮಗೆ ಸಿಗದೇ ಇರುವುದು ಇನ್ನೊಂದು ದಿಕ್ಕಿನ ನೋಟ: ಕಡಲಿನ ಕಡೆಯಿಂದ ಕಾಣುವ ನಮ್ಮದೇ ದಡ. ರಾತ್ರಿ ಮೀನುಗಾರಿಕೆ ದೋಣಿಗಳ ದೀಪಗಳ ಸಾಲು, ಅದರಾಚೆ ಊರುಗಳ ಮಂಕು ಬೆಳಕು, ಬೆಳಗಾಗುತ್ತಿದ್ದಂತೆ ಸಹ್ಯಾದ್ರಿಯ ಬೆನ್ನಿನ ಹಿಂದಿನಿಂದ ಏಳುವ ಸೂರ್ಯ. ಹಡಗು ದಡದಿಂದ ತೀರಾ ದೂರ ಸಾಗಿದರೆ ಇವು ಕಾಣದೆಯೂ ಹೋಗಬಹುದು. ಏಪ್ರಿಲ್, ಮೇ ತಿಂಗಳಾದರೆ ಇನ್ನೊಂದು ಕಾರಣವಿದೆ. ಮಧ್ಯಾಹ್ನ ಮೂರರಿಂದ ಪಶ್ಚಿಮದ ಬಾಲ್ಕನಿಯಲ್ಲಿ ಕಂಬಿ ಮುಟ್ಟಲಾಗದಷ್ಟು ಕಾದಿರುತ್ತದೆ.

ಸಂಖ್ಯೆ ನೋಡಿ ಮಗ್ಗುಲು ಊಹಿಸಬೇಡಿ. ಕೆಲವು ಹಡಗುಗಳಲ್ಲಿ ಸಮಸಂಖ್ಯೆಗಳು ಎಡಕ್ಕೆ, ಕೆಲವದರಲ್ಲಿ ಬಲಕ್ಕೆ. ಪ್ರತಿ ಕಂಪನಿಯೂ ತನ್ನ ಹಡಗಿನ ಅಂತಸ್ತುಗಳ ನಕ್ಷೆಯನ್ನು ಜಾಲತಾಣದಲ್ಲಿ ಹಾಕಿರುತ್ತದೆ. ಅದನ್ನು ಮೊಬೈಲಿನಲ್ಲಿ ಅಲ್ಲ, ದೊಡ್ಡ ಪರದೆಯಲ್ಲಿ ತೆರೆದು ನೋಡಿ.

ಎಷ್ಟನೆಯ ಅಂತಸ್ತು?

ಮೇಲೆ ಹೋದಷ್ಟೂ ದರ ಏರುತ್ತದೆ. ನೋಟವೂ ದೂರ ಹೋಗುತ್ತದೆ: ಕಣ್ಣು ನೀರಿನಿಂದ 9 ಮೀಟರ್ ಮೇಲಿದ್ದರೆ ದಿಗಂತ ಸುಮಾರು 11 ಕಿಲೋಮೀಟರ್ ದೂರ, 25 ಮೀಟರ್ ಮೇಲಿದ್ದರೆ ಸುಮಾರು 18. ಆದರೆ ಕೆಳಗಿನ ಬಾಲ್ಕನಿಯಲ್ಲಿ ನೀರಿನ ಸದ್ದು ಕೇಳುತ್ತದೆ, ಹಡಗಿನ ಮಗ್ಗುಲಿಗೆ ನೊರೆ ಉಜ್ಜಿಕೊಂಡು ಹೋಗುವುದು ಕಾಣುತ್ತದೆ, ಅದೃಷ್ಟವಿದ್ದರೆ ಡಾಲ್ಫಿನ್‌ನ ಬೆನ್ನೂ ಕಾಣುತ್ತದೆ. ಹತ್ತನೆಯ ಅಂತಸ್ತಿನಿಂದ ಅದು ಬರೀ ಚುಕ್ಕೆ.

ಹೊಯ್ದಾಟದ ಲೆಕ್ಕ ಬೇರೆ. ಅರಬೈಲ್ ಘಟ್ಟದಲ್ಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತವರಿಗೂ ನಡುವಿನ ಸೀಟಿನಲ್ಲಿ ಕುಳಿತವರಿಗೂ ಆಗುವ ಅನುಭವ ಒಂದೇ ಅಲ್ಲವಲ್ಲ, ಹಾಗೆಯೇ ಇದು. ಅಲೆ ಎದುರಾದಾಗ ಹಡಗಿನ ಮುಂತುದಿ ಮತ್ತು ಹಿಂತುದಿ ಹೆಚ್ಚು ಏರಿಳಿಯುತ್ತವೆ, ನಡುಭಾಗ ಕಡಿಮೆ. ಅಕ್ಕಪಕ್ಕದ ವಾಲಾಟ ಮೇಲಿನ ಅಂತಸ್ತುಗಳಲ್ಲಿ ಹೆಚ್ಚು. ಘಟ್ಟದ ತಿರುವುಗಳಲ್ಲಿ ವಾಕರಿಕೆ ಬರುವವರು ಮನೆಯಲ್ಲಿದ್ದರೆ ಹಡಗಿನ ನಡುಭಾಗದ, ಆದಷ್ಟು ಕೆಳಗಿನ ಬಾಲ್ಕನಿಯನ್ನೇ ಹಿಡಿಯಿರಿ. ತೀರಾ ಮುಂಭಾಗದ ಬಾಲ್ಕನಿಗೆ ಗಾಳಿಯ ಕಾಟವೂ ಇದೆ. ಹಡಗು 16 ನಾಟ್ ವೇಗದಲ್ಲಿ ಸಾಗುವುದೆಂದರೆ ಗಂಟೆಗೆ ಸುಮಾರು 30 ಕಿಲೋಮೀಟರ್, ಅಷ್ಟು ವೇಗದ ಗಾಳಿ ಎದುರು ಬೀಸುತ್ತಲೇ ಇರುತ್ತದೆ. ಹಿಂತುದಿಯ ಬಾಲ್ಕನಿಗಳಿಂದ ಹಡಗು ಬಿಟ್ಟುಹೋಗುವ ಬಿಳಿ ನೊರೆಯ ದಾರಿ ಮನಮೋಹಕವಾಗಿ ಕಾಣುತ್ತದೆ. ಆದರೆ ಯಂತ್ರದ ನಡುಕವೂ ಅಲ್ಲೇ ಹೆಚ್ಚು, ಕೆಲವೊಮ್ಮೆ ಹೊಗೆಯ ಮಸಿಯೂ ಬೀಳುತ್ತದೆ.

ಮೇಲೇನು, ಕೆಳಗೇನು?

ನನ್ನ ಹೆಂಡತಿಯ ತಮ್ಮ ಹನ್ನೊಂದು ವರ್ಷ ಹಡಗುಗಳಲ್ಲಿ ಕೋಣೆ ಅಣಿಗೊಳಿಸುವ ಕೆಲಸ ಮಾಡಿದವನು. ನಮ್ಮ ಮೊದಲ ಪ್ರಯಾಣದ ಕಥೆ ಕೇಳಿ ಅವನು ಹೇಳಿದ್ದು ಇಷ್ಟೇ: ‘ಭಾವ, ಮೇಲೂ ಕೋಣೆ, ಕೆಳಗೂ ಕೋಣೆ ಇರುವ ಅಂತಸ್ತು ಹಿಡಿಯಿರಿ. ಉಳಿದದ್ದು ಆಮೇಲೆ ನೋಡೋಣ.’ ನಿಮ್ಮ ನೆತ್ತಿಯ ಮೇಲೆ ಈಜುಕೊಳದ ಅಂಗಳವಿದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದು. ಅಡುಗೆಮನೆಯಿದ್ದರೆ ತಳ್ಳುಗಾಡಿಗಳ ಗಡಗಡ. ಕೆಳಗೆ ನಾಟ್ಯಶಾಲೆಯೋ ಡಿಸ್ಕೊವೋ ಇದ್ದರೆ ರಾತ್ರಿ ಒಂದರವರೆಗೆ ಹಾಸಿಗೆಯಲ್ಲೇ ತಾಳ ಕೇಳಿಸುತ್ತದೆ. ನಕ್ಷೆಯಲ್ಲಿ ನಿಮ್ಮ ಕೋಣೆಯ ಜಾಗಕ್ಕೆ ಬೆರಳಿಟ್ಟು ಮೇಲಿನ ಮತ್ತು ಕೆಳಗಿನ ಅಂತಸ್ತಿನ ನಕ್ಷೆಗಳಲ್ಲಿ ಅದೇ ಜಾಗ ನೋಡಿ. ನಕ್ಷೆಯಲ್ಲಿ ಹೆಸರಿಲ್ಲದ ಖಾಲಿ ಚೌಕ ಕಂಡರೆ ಅದು ಸಿಬ್ಬಂದಿಯ ಕೆಲಸದ ಜಾಗವಿರಬಹುದು, ಅದರ ಪಕ್ಕದ ಕೋಣೆ ಬೇಡ. ಪಕ್ಕದ ಕೋಣೆಗೆ ನಡುಬಾಗಿಲು ಇರುವ ಕೋಣೆಗಳಲ್ಲಿ ಮಾತು ಆಚೆಗೂ ಕೇಳುತ್ತದೆ. ಅಣ್ಣ ತಮ್ಮಂದಿರ ಸಂಸಾರಗಳು ಜೊತೆಯಾಗಿ ಹೊರಟಿದ್ದರೆ ಮಾತ್ರ ಅದು ಅನುಕೂಲ.

ಬಾಲ್ಕನಿಯನ್ನೇ ಅಳೆಯಿರಿ

ಚಿತ್ರಗಳನ್ನು ನಂಬಬೇಡಿ. ಸಾಮಾನ್ಯ ಬಾಲ್ಕನಿಯ ಆಳ ಒಂದೂವರೆ ಮೀಟರ್, ಅಗಲ ಎರಡೂವರೆ ಮೀಟರ್ ಆಸುಪಾಸು. ಮನೆಯಂಗಳದಲ್ಲಿ ಸೀಮೆಸುಣ್ಣದಿಂದ ಆ ಅಳತೆಯ ಗೆರೆ ಎಳೆದು, ಎರಡು ಕುರ್ಚಿ, ಒಂದು ಸ್ಟೂಲು ಇಟ್ಟು ಇಬ್ಬರೂ ಕುಳಿತು ನೋಡಿ. ಕಾಲು ಚಾಚಿದರೆ ಗೆರೆ ದಾಟುತ್ತದೆಯೇ? ನಾವು ಎರಡನೆಯ ಸಲ ಹೀಗೆ ನೋಡಿಯೇ ಕಾಯ್ದಿರಿಸಿದೆವು.

ಮುಂಭಾಗಕ್ಕೆ ಗಾಜಿನ ತಡೆಯೋ ಉಕ್ಕಿನ ಗೋಡೆಯೋ ಎಂಬುದನ್ನೂ ಕೇಳಿ. ಉಕ್ಕಿನದಾದರೆ ಕುರ್ಚಿಯಲ್ಲಿ ಕುಳಿತಾಗ ಕಡಲು ಮರೆಯಾಗಿ ಆಕಾಶ ಮಾತ್ರ ಉಳಿಯುತ್ತದೆ. ‘ನೋಟಕ್ಕೆ ಅಡ್ಡಿಯಿದೆ’ ಎಂಬ ಸಣ್ಣ ಅಕ್ಷರದ ಸೂಚನೆ ಕಂಡರೆ ನಮ್ಮ ಕಿತ್ತಳೆ ದೋಣಿಯನ್ನು ನೆನಪಿಸಿಕೊಳ್ಳಿ. ಕೆಲವು ಹಡಗುಗಳಲ್ಲಿ ಬಾಗಿಲು ತೆರೆದರೆ ಕಂಬಿ ಮಾತ್ರ ಸಿಗುವ, ನಿಲ್ಲಲೂ ಜಾಗವಿಲ್ಲದ ಬಾಲ್ಕನಿಗಳಿವೆ. ಬಹಳ ದೊಡ್ಡ ಹಡಗುಗಳಲ್ಲಿ ಕಡಲಿಗಲ್ಲದೆ ಹಡಗಿನ ಒಳಗಿನ ತೋಟಕ್ಕೆ ಮುಖ ಮಾಡಿದವೂ ಇವೆ. ಇವೂ ಬಾಲ್ಕನಿಯ ಹೆಸರಿನಲ್ಲೇ ಮಾರಾಟವಾಗುತ್ತವೆ. ಅಂತಸ್ತುಗಳು ಮೆಟ್ಟಿಲಿನಂತೆ ಹಿಂದೆ ಸರಿದಿದ್ದರೆ ಮೇಲಿನವರಿಗೆ ನಿಮ್ಮ ಬಾಲ್ಕನಿ ಪೂರ್ತಿ ಕಾಣುತ್ತದೆ.

ಹಣ ಕಟ್ಟುವ ಮುನ್ನ

ದರವನ್ನು ಇಬ್ಬರು ಹಂಚಿಕೊಳ್ಳುವ ಲೆಕ್ಕದಲ್ಲಿ ತಲೆಗಿಷ್ಟು ಎಂದು ಹೇಳುತ್ತಾರೆ. ಒಬ್ಬರೇ ಹೋದರೆ ಇಬ್ಬರ ದರದ ಹತ್ತಿರಕ್ಕೇ ಬಂದು ನಿಲ್ಲಬಹುದು. ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಯ ಸೇವಾ ಶುಲ್ಕ ಸೇರಿಸಿದ ಕೊನೆಯ ಮೊತ್ತವನ್ನೇ ಬರೆಸಿಕೊಳ್ಳಿ. ದರ್ಜೆ ನಿಮ್ಮದು, ಸಂಖ್ಯೆ ಕಂಪನಿಯದು ಎಂಬ ಅಗ್ಗದ ಟಿಕೆಟ್ ಬೇಡ. ಇಲ್ಲಿಯವರೆಗೆ ನೋಡಿದ ಮಗ್ಗುಲು, ಅಂತಸ್ತು, ನೋಟ ಎಲ್ಲವನ್ನೂ ಅದರಲ್ಲಿ ಬಿಟ್ಟುಕೊಡುತ್ತೀರಿ.

ಬಾಲ್ಕನಿ ಸಿಕ್ಕ ಮೇಲೆ

ಕಂಬಿಯ ಎತ್ತರ ಒಂದು ಮೀಟರ್‌ಗಿಂತ ತುಸು ಹೆಚ್ಚಿರುತ್ತದೆ. ಮಕ್ಕಳಿದ್ದರೆ ಕುರ್ಚಿ, ಸ್ಟೂಲುಗಳನ್ನು ಕಂಬಿಯಿಂದ ದೂರವಿಡಿ, ಮಗುವನ್ನು ಅಲ್ಲಿ ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ, ರಾತ್ರಿ ಬಾಗಿಲಿಗೆ ಅಗುಳಿ ಹಾಕಿ. ಬಾಲ್ಕನಿಯ ಬಾಗಿಲು ತೆರೆದಿರುವಾಗ ಕೋಣೆಯ ಬಾಗಿಲು ತೆರೆಯಬೇಡಿ. ಗಾಳಿ ನುಗ್ಗಿ ಬಾಗಿಲು ಬಡಿಯುವ ರಭಸಕ್ಕೆ ಬೆರಳು ಜಜ್ಜಿಹೋದೀತು. ಒದ್ದೆ ಟವೆಲು, ಪಂಚೆಗಳನ್ನು ಕಂಬಿಗೆ ಹರವುವುದು ನಿಷಿದ್ಧ.

ಸಿಗರೇಟಂತೂ ಕೂಡದೇ ಕೂಡದು. 2006ರ ಮಾರ್ಚ್ 23ರ ನಸುಕಿನಲ್ಲಿ ಜಮೈಕಾದತ್ತ ಸಾಗುತ್ತಿದ್ದ ಸ್ಟಾರ್ ಪ್ರಿನ್ಸೆಸ್ ಹಡಗಿನ ಒಂದು ಬಾಲ್ಕನಿಯಲ್ಲಿ ಬೆಂಕಿ ಹೊತ್ತಿತು. ಆರಿಸದೆ ಎಸೆದ ಸಿಗರೇಟೇ ಕಾರಣವಿರಬೇಕು ಎಂದು ತನಿಖೆ ಹೇಳಿತು. ಒಬ್ಬ ಪ್ರಯಾಣಿಕ ಸತ್ತರು, ಬಾಲ್ಕನಿಯಿಂದ ಬಾಲ್ಕನಿಗೆ ಹಬ್ಬಿದ ಬೆಂಕಿಯಿಂದ ನೂರಾರು ಕೋಣೆಗಳಿಗೆ ಹಾನಿಯಾಯಿತು. ಬಾಲ್ಕನಿಗಳ ಅಗ್ನಿಸುರಕ್ಷತೆಗೆ ಅಂತರರಾಷ್ಟ್ರೀಯ ನಿಯಮ 2008ರ ಜುಲೈನಲ್ಲಿ ಜಾರಿಗೆ ಬಂದದ್ದು ಆ ದುರಂತದ ನಂತರವೇ.

ಒಂದು ಹಳೆಯ ಹತ್ತಿ ಬಟ್ಟೆ ಪೆಟ್ಟಿಗೆಯಲ್ಲಿರಲಿ. ರಾತ್ರಿಯ ಗಾಳಿಗೆ ಕಂಬಿ, ಕುರ್ಚಿಯ ತೋಳು, ಗಾಜು ಎಲ್ಲಕ್ಕೂ ಉಪ್ಪಿನ ಅಂಟು ಹಿಡಿದಿರುತ್ತದೆ. ಎರಡನೆಯ ಪ್ರಯಾಣದಲ್ಲಿ ಎಡಮಗ್ಗುಲಿನ ಬಾಲ್ಕನಿಗೆ ಬೆಳಿಗ್ಗೆ ಮೊದಲು ಬಂದ ನನ್ನ ಹೆಂಡತಿ ಕಂಬಿಯ ಮೇಲೆ ಕೈಯಿಟ್ಟು, ಅಂಗೈ ಮೂಸಿ, ‘ನಮ್ಮ ಮನೆಯ ಕಿಟಕಿಯ ಸರಳಿನ ಹಾಗೇ ಇದೆ’ ಎಂದಳು. ಬಟ್ಟೆ ಹಿಂಡಿ ಕಂಬಿ ಒರೆಸಿ, ಕುರ್ಚಿಯನ್ನು ಪೂರ್ವಕ್ಕೆ ತಿರುಗಿಸಿ ಕುಳಿತಳು. ಇನ್ನೂ ಬೆಳಕು ಹರಿದಿರಲಿಲ್ಲ, ದೂರದಲ್ಲಿ ಮೂರು ದೋಣಿಗಳ ದೀಪ ಉರಿಯುತ್ತಿತ್ತು.