ಫುಲ್ ರೇಸಿನಲ್ಲಿ ಸಾಯುತ್ತಿದ್ದ ಬೋಟ್ ಮೋಟಾರು: ಕೊನೆಗೂ ಸಿಕ್ಕ ಕಾರಣ

ನನ್ನ 15 ಎಚ್‌ಪಿ ಟೂ ಸ್ಟ್ರೋಕ್ ಬೋಟ್ ಮೋಟಾರು ಈಗ ಹೇಮಾವತಿ ಹಿನ್ನೀರಿನಲ್ಲಿ ಗೊರೂರಿನ ಕಡೆಯಿಂದ ಶೆಟ್ಟಿಹಳ್ಳಿ ಚರ್ಚಿನವರೆಗೆ ಫುಲ್ ರೇಸಿನಲ್ಲಿ ಒಂದೇ ಉಸಿರಿಗೆ ಹೋಗುತ್ತದೆ. ಮೂರು ತಿಂಗಳ ಹಿಂದೆ 10 ನಿಮಿಷ ಓಡಿದರೆ ಹೆಚ್ಚು. ತೊಂದರೆ ಪೆಟ್ರೋಲ್ ಪೈಪಿನಲ್ಲಿದೆ ಅಂತ ನಾನು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆಚೆ ದಡದ ಹರಿಗೋಲಿನವರು ಬೆಳಗಿನ ಜಾವ ಬಲೆ ಎತ್ತುತ್ತಾರೆ. ಅವರ ಕಾಟ್ಲಾ, ರೋಹು, ಜಿಲೇಬಿ ಮೀನು ಎಲ್ಲ ಐಸ್ ಪೆಟ್ಟಿಗೆಗೆ ತುಂಬಿಕೊಂಡು 8 ಗಂಟೆಯೊಳಗೆ ಈಚೆ ದಡದ ಗಾಡಿಗೆ ಮುಟ್ಟಿಸುವುದು ನನ್ನ ಕೆಲಸ. ತಡವಾದರೆ ಗಾಡಿ ಹೊರಟುಬಿಡುತ್ತದೆ. ಆ ಸೀಸನ್ನಿನಲ್ಲಿ ನಾಲ್ಕು ಸಲ ಹಾಗಾಯಿತು. ಒಂದು ದಿನವಂತೂ ಸುಮಾರು 60 ಕೆ.ಜಿ. ಮೀನು ಸಿಕ್ಕ ಬೆಲೆಗೆ ಕೊಟ್ಟು ಬಂದೆ.

ಸ್ಟಾರ್ಟಿಂಗ್ ಚೆನ್ನಾಗಿತ್ತು. ನಿಧಾನ ಓಡಿಸಿದರೆ ಇಡೀ ದಿನ ಓಡುತ್ತಿತ್ತು. ಫುಲ್ ರೇಸ್ ಕೊಟ್ಟು 8-10 ನಿಮಿಷ ಆದ ಮೇಲೆ ಶಕ್ತಿ ಇಳಿಯುತ್ತಿತ್ತು. ಒಮ್ಮೆ ಏರಿ, ಒಮ್ಮೆ ಇಳಿದು, ಗೊಣಗುತ್ತಾ ಆಫ್. ಐದು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್.

ಮೊದಲು ತೋರಿಸಿದ್ದು ಹಾಸನದ ಒಬ್ಬ ಮೆಕ್ಯಾನಿಕ್‌ಗೆ. ನಮ್ಮ ಕಡೆ ಬೋಟ್ ಮೋಟಾರು ಬಿಚ್ಚುವವರೇ ಕಡಿಮೆ, ಸಾಮಾನು ಮಲ್ಪೆಯಿಂದಲೋ ಮಂಗಳೂರಿನಿಂದಲೋ ಬರಬೇಕು. ಅವರು 200 ಲೀಟರ್ ಡ್ರಮ್ಮಿನಲ್ಲಿ ನೀರು ತುಂಬಿ ಅರ್ಧ ಗಂಟೆ ಓಡಿಸಿದರು. "ಏನೂ ಇಲ್ಲ ಕಣಣ್ಣ, ಬಿಸಿಯಾದ ಮೇಲೆ ಕಾಯಿಲ್ ಕೈ ಕೊಡ್ತಿರಬೇಕು" ಅಂದರು. ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಮತ್ತು ಎರಡು ಪ್ಲಗ್ಗಿಗೆ 6,500 ರೂಪಾಯಿ ಹತ್ತಿರ ಹೋಯಿತು. ಮಾರನೇ ದಿನ ಅದೇ ಜಾಗದಲ್ಲಿ ನಿಂತೆ. ಡ್ರಮ್ಮಿನಲ್ಲಿ ಲೋಡೇ ಇಲ್ಲ, ತೊಂದರೆ ಹೇಗೆ ಕಾಣಬೇಕು? ಕಾಯಿಲ್ ಹೋದ ಮೋಟಾರು ಹೆಚ್ಚಾಗಿ ಸ್ವಿಚ್ ಆಫ್ ಮಾಡಿದ ಹಾಗೆ ಥಟ್ಟನೆ ನಿಲ್ಲುತ್ತದೆ. ನನ್ನದು ಗೊಣಗುತ್ತಾ ಸಾಯುತ್ತಿತ್ತು. ಅಲ್ಲೇ ನನಗೆ ಹೊಳೆಯಬೇಕಿತ್ತು.

ಆಮೇಲೆ ಕಾರ್ಬುರೇಟರ್. ಕಿಟ್ಟಿಗೆ 1,800. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟುಗಳನ್ನು ತಂತಿ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ನಾನು ಬಲೆಯ ನೈಲಾನ್ ಎಳೆ ಬಳಸುತ್ತೇನೆ. ಬೌಲಿನಲ್ಲಿ ಸ್ವಲ್ಪ ಅಂಟು ಇತ್ತು, ತೊಳೆದೆ. ಐಡ್ಲಿಂಗ್ ಇನ್ನೂ ನುಣ್ಣಗಾಯಿತು, ಅಷ್ಟೇ.

ಮುಂದಿನ ಸಲ ನಿಲ್ಲುವ ಹೊತ್ತಿಗೆ ಸರಿಯಾಗಿ, ಕೈಯಲ್ಲಿ ಹಿಚುಕಿ ಪೆಟ್ರೋಲ್ ತಳ್ಳಲು ಪೈಪಿನ ನಡುವೆ ಇರುವ ರಬ್ಬರ್ ಬಲ್ಬನ್ನು ಹಿಚುಕಿದೆ. ಮೋಟಾರು ಎದ್ದು ಓಡಿತು! ಹಿಚುಕುತ್ತಾ ಇದ್ದರೆ ಓಡುತ್ತದೆ, ಬಿಟ್ಟರೆ ಸಾಯುತ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಮ್ (ಒಳಗಿನ ಪೊರೆ) ಹೋಗಿದೆ ಅಂತ ಎಲ್ಲರ ತೀರ್ಪು. ಅದೂ ಹಾಕಿಸಿದೆ, 900. ಫಲ ಸೊನ್ನೆ. ಟ್ಯಾಂಕಿನ ಮುಚ್ಚಳದ ಗಾಳಿ ತೂತು, ಒಳಗಿನ ಜಾಲರಿ, ಕನೆಕ್ಟರಿನ ಓ ರಿಂಗ್ ಎಲ್ಲ ನೋಡಿದೆ. ಫಿಲ್ಟರಿನ ಮುಂದೆ ಒಂದು ಗೇಣು ಪಾರದರ್ಶಕ ಪೈಪು ಹಾಕಿದೆ. ಒಂದು ಗುಳ್ಳೆಯೂ ಇಲ್ಲ. ಅಂದರೆ ಗಾಳಿ ಎಳೆಯುತ್ತಿಲ್ಲ. "ಬಲ್ಬು ಚಪ್ಪಟೆ ಆಗ್ತಿಲ್ವಲ್ಲ, ಲೈನು ಸರಿಯಾಗೇ ಇದೆ ಬಿಡು" ಅಂದರು ನಮ್ಮ ಭಾವ. ಅವರಿಗೆ ಪಂಪ್‌ಸೆಟ್ಟು, ಟಿಲ್ಲರು ಎಲ್ಲ ಗೊತ್ತು. ಆದರೂ ನನ್ನ ಮನಸ್ಸು ಒಪ್ಪಲಿಲ್ಲ.

ಪಂಪು ಎಷ್ಟು ಜೋರಾಗಿ ಎಳೆಯುತ್ತಿದೆ ಅಂತ ನೋಡಲು ವ್ಯಾಕ್ಯೂಮ್ ಗೇಜ್ ಬೇಕು, ಎಲ್ಲಿಂದ ತರುವುದು? ಪಕ್ಕದ ತೋಟದವರ ಹಾಲು ಕರೆಯುವ ಮೆಷಿನ್ನಿನಲ್ಲಿ ಇತ್ತು! ಪಾದರಸದ ಇಂಚಿನ ಲೆಕ್ಕವೂ ಅದರಲ್ಲೇ ಇದೆ. ಬೆಳಗಿನ ಹಾಲು ಆದ ಮೇಲೆ ಬಿಚ್ಚಿಕೊಂಡು ಬಂದು, ಪೈಪಿಗೆ ಮೂರು ಬಾಯಿಯ ಟೀ ಜಾಯಿಂಟ್ ಹಾಕಿ ಪಂಪಿನ ಮುಂದೆ ಕೂರಿಸಿದೆ. ಪಂಪಿನ ಬಡಿತಕ್ಕೆ ಮುಳ್ಳು ನಡುಗುತ್ತದೆ. ಅದನ್ನು ನಿಲ್ಲಿಸಲು ನನ್ನದೇ ಒಂದು ಉಪಾಯ ಇದೆ, ಅದು ನನ್ನ ಬಳಿಯೇ ಇರಲಿ. ನಿಧಾನಕ್ಕೆ ಓಡುವಾಗ 1 ಇಂಚೂ ಇಲ್ಲ. 4 ಇಂಚಿನವರೆಗೆ ಚಿಂತೆ ಇಲ್ಲ. ಫುಲ್ ರೇಸಿನಲ್ಲಿ 3, 4, 5 ಅಂತ ಏರಿ, 7ರ ಹತ್ತಿರ ಬಂದಾಗ ಮೋಟಾರು ಸತ್ತಿತು.

ಆಮೇಲೆ ಗೇಜನ್ನು ಬಲ್ಬಿನ ಪಕ್ಕಕ್ಕೇ ತಂದೆ. ಮತ್ತೆ ಫುಲ್ ರೇಸ್. ಈ ಸಲ 1 ಇಂಚು ದಾಟಲಿಲ್ಲ, ಆದರೂ ಮೋಟಾರು ಸತ್ತಿತು. ಹಾಗಾದರೆ ಕಟ್ಟಿಕೊಂಡಿರುವುದು ಬಲ್ಬಿಗೂ ಮೋಟಾರಿಗೂ ನಡುವಿನ ಒಂದೂವರೆ ಮೀಟರ್ ಪೈಪಿನಲ್ಲೇ, ಅಲ್ವಾ? ಬಾಯಲ್ಲಿ ಊದಿದರೆ ಗಾಳಿ ಸಲೀಸಾಗಿ ಹೋಗುತ್ತಿತ್ತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಹೊರಗೆ ಹೊಸದರ ಹಾಗೆ ಹೊಳೆಯುತ್ತಿದ್ದ ಪೈಪಿನ ಒಳಪದರ ಕಿತ್ತು ನಾಲಿಗೆಯ ಹಾಗೆ ನೇತಾಡುತ್ತಿತ್ತು. ಎಳೆತ ಜಾಸ್ತಿಯಾದರೆ ಒಳಗೇ ಮುಚ್ಚಿಕೊಳ್ಳುತ್ತದೆ. ಬಲ್ಬು ಹಿಚುಕಿದರೆ ಒತ್ತಡಕ್ಕೆ ತೆರೆದುಕೊಳ್ಳುತ್ತದೆ. ಹಿಂದಿನ ವರ್ಷ ದುಡ್ಡು ಉಳಿಸಲು ಬಲ್ಬು ಮಾತ್ರ ಹೊಸದು ಹಾಕಿ ಹಳೆ ಪೈಪನ್ನೇ ಬಿಟ್ಟಿದ್ದೆ. ಎಥನಾಲ್ ತಡೆಯುವ 8 ಎಂಎಂ ಪೈಪು 2 ಮೀಟರ್, ಕ್ಲಿಪ್ಪು ಸೇರಿ 700 ರೂಪಾಯಿ ಆಯಿತು. ಅದಕ್ಕೆ ಮೊದಲು ಸುರಿದದ್ದು 9,000 ದಾಟಿತ್ತು, ಮೀನಿನ ನಷ್ಟ ಬೇರೆ.

ಈಗಿನ ಇ20 ಪೆಟ್ರೋಲು (ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ್ದು) ಹಳೆ ರಬ್ಬರಿಗೆ ಆಗಿಬರುವುದಿಲ್ಲ ಅನ್ನುವುದು ನನ್ನ ಲೆಕ್ಕ. ಇನ್ನೊಂದು ನೋಡಿದೆ. ಗೆರೆ ಇರುವ ಬಾಟಲಿಯಲ್ಲಿ 100 ಎಂಎಲ್ ಪೆಟ್ರೋಲಿಗೆ 10 ಎಂಎಲ್ ನೀರು ಹಾಕಿ ಕುಲುಕಿ ಇಟ್ಟೆ. ತಳದ ಪದರ 25 ದಾಟಿತ್ತು. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿಕೊಂಡಿತ್ತು. ನಾವು ಪೆಟ್ರೋಲಿಗೆ 50:1 ಲೆಕ್ಕದಲ್ಲಿ ಬೆರೆಸುವ ಆಯಿಲ್ ಆ ತಳದ ಪದರಕ್ಕೆ ಸೇರುವುದಿಲ್ಲ. ಮೋಟಾರು ಅದನ್ನು ಎಳೆದುಕೊಂಡರೆ ಪಿಸ್ಟನ್ ಗತಿ ಏನು? ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ಪೆಟ್ರೋಲ್ ಇಡುವುದನ್ನು ಅಂದೇ ಬಿಟ್ಟೆ.

ಜೆಟ್ಟಿನ ಪ್ರಯೋಗವನ್ನೂ ಮಾಡಿದೆ. ಹೇಮಾವತಿ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 2,922 ಅಡಿ. ಕಡಲಿಗೆ ಸೆಟ್ ಮಾಡಿದ ಕಾರ್ಬುರೇಟರು ಈ ಎತ್ತರದಲ್ಲಿ ಪೆಟ್ರೋಲ್ ಸ್ವಲ್ಪ ಜಾಸ್ತಿ ಕೊಡುತ್ತದೆ. ಒಂದು ಸೈಜು ಸಣ್ಣ ಮೇನ್ ಜೆಟ್ ಹಾಕಿದೆ. ದಿನಕ್ಕೆ ಅರ್ಧ ಲೀಟರ್ ಉಳಿದಿರಬಹುದು. ಎರಡನೇ ದಿನ ಪ್ಲಗ್ ಬಿಚ್ಚಿದರೆ ಬೆಳ್ಳಗೆ! ಇ20ರಲ್ಲಿ ಮಿಶ್ರಣ ಮೊದಲೇ ತೆಳು, ಮೇಲೆ ಸಣ್ಣ ಜೆಟ್ ಬೇರೆ. ಅಂದೇ ಹಳೆಯದನ್ನು ವಾಪಸ್ ಹಾಕಿದೆ.

ಈಗ ಪೈಪು ಹಾಕಿದ ತಿಂಗಳನ್ನು ಪೇಂಟಿನಲ್ಲಿ ಅದರ ಮೇಲೇ ಬರೆಯುತ್ತೇನೆ. ಮೂರನೇ ವರ್ಷಕ್ಕೆ ಬಲ್ಬು, ಪೈಪು ಒಟ್ಟಿಗೇ ಬದಲು. ದಡ ಮುಟ್ಟುವ ಮೊದಲು ಕನೆಕ್ಟರ್ ಕಿತ್ತು ಕಾರ್ಬುರೇಟರ್ ಖಾಲಿ ಆಗುವವರೆಗೆ ಓಡಿಸುತ್ತೇನೆ. ಭಾವ ಸೀಳಿದ ಪೈಪನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮಾರನೇ ಭಾನುವಾರವೇ ತಮ್ಮ ಔಷಧಿ ಹೊಡೆಯುವ ಮೆಷಿನ್ನಿನ ಪೆಟ್ರೋಲ್ ಪೈಪು ಬದಲಿಸಿದರು. ಆ ಸೀಳಿದ ತುಂಡು ನನ್ನ ಶೆಡ್ಡಿನ ಮೊಳೆಗೆ ಇನ್ನೂ ನೇತು ಹಾಕಿದೆ. ನಂಬದವರು ಬಂದು ಬೆರಳು ಹಾಕಿ ನೋಡಬಹುದು.